ಹಡಗಿನಿಂದ ಬಂದ ಚಾದರಗಳು

ಮೊದಲ ವಾರ ಹಡಗಿನ ಚಾದರಗಳು ಚೆನ್ನಾಗಿಯೇ ಸದ್ದು ಮಾಡಿದವು. ಇದನ್ನು ನಾನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಊರಿನವರು ದ್ಯಾವಮ್ಮ ಶುರುವಿನಿಂದಲೂ ಮೋಸ ಮಾಡಿದಳು ಎಂದು ಆಡಿಕೊಂಡರು. ಶುರುವಿನಿಂದ ಅಲ್ಲ. ಮೊದಲ ಗಂಟಿನಲ್ಲಿ ನಲವತ್ತು ಚಾದರ ಬಂದವು, ನಲವತ್ತೂ ಕಲ್ಲಿನ ಮೇಲೆ ಠಪ್ ಠಪ್ ಎಂದವು, ಊರಿಗೆಲ್ಲ ಕೇಳಿಸಿತು. ನಾನು ಮೋಸ ಮಾಡಿದ್ದು ಮೂರನೆಯ ಗಂಟಿನಿಂದ. ಮಾಡಿದ್ದನ್ನು ಮಾಡಿದೆ ಎನ್ನುತ್ತೇನೆ. ಮಾಡದ್ದನ್ನು ನನ್ನ ತಲೆಗೆ ಕಟ್ಟಬೇಡಿ.

ನಮ್ಮೂರಿನ ಹೊಳೆ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು ಒಂದು ಕಡೆ ತಿರುಗುತ್ತದೆ. ಅಲ್ಲೇ ನಮ್ಮ ಒಗೆಯುವ ಕಲ್ಲು. ನನ್ನ ಅವ್ವ ಒಗೆದ ಕಲ್ಲು, ಅವಳ ಅತ್ತೆ ಒಗೆದ ಕಲ್ಲು. ಹಿಂದುಗಡೆ ಗುಡ್ಡ, ಮುಂದುಗಡೆ ದೋಣಿಗಳು ಬಂದು ನಿಲ್ಲುವ ದಕ್ಕೆ. ಬೆಳಿಗ್ಗೆ ನಾನು ಬಟ್ಟೆ ಎತ್ತಿ ಬಡಿದರೆ ಆ ಸದ್ದು ಗುಡ್ಡಕ್ಕೆ ತಾಗಿ ವಾಪಸು ಬಂದು ಊರಿನ ಒಂದೊಂದು ಅಡುಗೆಮನೆಗೂ ಹೋಗುತ್ತದೆ. ಹೆಂಗಸರು ಒಲೆಯ ಮೇಲೆ ಹಾಲಿಡುವುದು ನನ್ನ ಸದ್ದು ಕೇಳಿ. ಸತ್ತ ಮೈಗೆ ತಾಗಿದ ಬಟ್ಟೆ ಮಾತ್ರ ನಮ್ಮ ಕಲ್ಲಿನ ಮೇಲೆ ಸದ್ದು ಮಾಡುವುದಿಲ್ಲ. ಎಷ್ಟು ಎತ್ತಿ ಬಡಿದರೂ ನೀರು ಚಿಮ್ಮುತ್ತದೆ, ತೋಳು ನೋಯುತ್ತದೆ, ಕಲ್ಲು ಸುಮ್ಮನಿರುತ್ತದೆ. ಅದೂ ಆ ಒಂದು ಒಗೆತಕ್ಕೆ ಅಷ್ಟೇ. ಒಣಗಿದ ಮೇಲೆ ಬದುಕಿರುವವರು ಹೊದ್ದು ಮತ್ತೆ ಒಗೆಯಲು ಹಾಕಿದರೆ ಎಂದಿನ ಹಾಗೆ ಠಪ್ ಎನ್ನುತ್ತದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಇಲ್ಲದಿದ್ದರೆ ಬಿಡಲಿ, ಅವರ ಕಲ್ಲು ಅವರಿಗೆ.

ಹಾಗಾಗಿ ನಮ್ಮಲ್ಲಿ ಯಾರಾದರೂ ಹೋದರೆ, ಡಾಕ್ಟರು ನಾಡಿ ನೋಡಿ ತಲೆಯಾಡಿಸಿದರೂ ಮನೆಯವರು ಅಳುವುದಿಲ್ಲ. ಮೈಮೇಲಿದ್ದ ಕೊನೆಯ ಬಟ್ಟೆಯನ್ನು ನನಗೆ ತಂದುಕೊಡುತ್ತಾರೆ. ನಾನು ಮೂರು ಸಲ ಬಡಿಯುತ್ತೇನೆ. ಮೂರು ಸಲವೂ ಕಲ್ಲು ಸುಮ್ಮನಿದ್ದರೆ ಆಮೇಲೆ ಅಳು ಶುರುವಾಗುತ್ತದೆ. ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ನಾನು ಬಾಯಿಬಿಟ್ಟು ಯಾರಿಗೂ ಏನೂ ಹೇಳಿದವಳಲ್ಲ. ಜನ ಕಲ್ಲನ್ನು ನಂಬುತ್ತಿದ್ದರು, ಕಲ್ಲಿನ ಜೊತೆಗೆ ನನ್ನನ್ನೂ.

ಆ ವರ್ಷ ಜ್ವರ ಬಂತು. ಬೀದಿಗಳ ಬಾಯಿಗೆ ಬಿದಿರು ಕಟ್ಟಿದರು. ಅಂಗಡಿ ಮುಚ್ಚಿದವು, ಶಾಲೆ ಮುಚ್ಚಿತು, ಮದುವೆಗಳು ನಿಂತವು. ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು, ಆ ತುಂಡು ಬಟ್ಟೆಗಳೂ ನನ್ನ ಹತ್ತಿರವೇ ಬರುತ್ತಿದ್ದವು. ಊರಿನ ಮೂಗುಗಳನ್ನೆಲ್ಲ ನಾನೊಬ್ಬಳೇ ತಿಕ್ಕುತ್ತಿದ್ದೇನೆ ಎಂದು ನನ್ನ ತಂಗಿ ಸಾಕಿಗೆ ಹೇಳಿ ನಗಿಸುತ್ತಿದ್ದೆ. ದಿನಕ್ಕೆ ಒಂದು ಸಲವೋ ಎರಡು ಸಲವೋ ಕಲ್ಲು ಸುಮ್ಮನಾಗುತ್ತಿತ್ತು. ಊರು ಕಿವಿಗೊಟ್ಟು ಕೂತಿರುತ್ತಿತ್ತು. ಸದ್ದು ನಿಂತರೆ ಇವತ್ತು ಯಾರು ಎಂದು ಕೇಳುತ್ತಿದ್ದರು.

ಸಾಕಿ ಎಂದರೆ ಸಾಕಮ್ಮ. ನಾಲ್ಕು ಹೆಣ್ಣಾದ ಮೇಲೆ ಹುಟ್ಟಿದವಳು, ಇನ್ನು ಸಾಕು ಎಂದು ಅಪ್ಪ ಇಟ್ಟ ಹೆಸರು. ನಡುವಿನ ಮೂವರು ಉಳಿಯಲಿಲ್ಲ. ಹಿರಿಯವಳು ನಾನು, ಕಿರಿಯವಳು ಅವಳು, ಇಬ್ಬರೇ ಉಳಿದೆವು. ಹತ್ತು ವರ್ಷದವಳಿದ್ದಾಗ ಇದೇ ಕಲ್ಲಿನ ಮೇಲೆ ಜಾರಿ ಬಿದ್ದು ಮುಂದಿನ ಹಲ್ಲು ಕಳೆದುಕೊಂಡಿದ್ದಳು. ಅಂದಿನಿಂದ ನಗು ಬಂದರೆ ಮೊದಲು ಅವಳ ಕೈ ಬಾಯಿಗೆ ಹೋಗುತ್ತಿತ್ತು. ಅವಳ ಗಂಡ ಕೆಂಪಯ್ಯ ನಾನು ಒಗೆದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾನೆ. ಮದುವೆಯಾಗಿ ಹತ್ತು ವರ್ಷವಾದರೂ ಅವನು ಅವಳ ಆ ಹಲ್ಲಿನ ಜಾಗ ನೋಡಿರಲಿಲ್ಲವಂತೆ. ಅವರಿಗೆ ಒಬ್ಬಳೇ ಮಗಳು, ಚಂದ್ರಿ, ಒಂಬತ್ತು ವರ್ಷ. ನನಗೆ ಮಕ್ಕಳಿಲ್ಲ, ಗಂಡನೂ ಇಲ್ಲ. ಇರುವುದೆಲ್ಲ ಅದೇ ಮನೆ. ಸಾಕಿಗೆ ಉಬ್ಬಸವಿತ್ತು. ಜ್ವರ ಬಂದರೆ ಉಬ್ಬಸದವರು ಮೂರು ದಿನವೂ ನಿಲ್ಲುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ಹೀಗಿರುವಾಗ ಹಡಗು ಬಂತು. ಬೆಳ್ಳಗೆ, ಏಳು ಅಂತಸ್ತು, ಮೈತುಂಬ ದೀಪ. ದಕ್ಕೆಗೆ ಬರದೆ ದೂರದಲ್ಲೇ ನಿಂತಿತು. ಮೊದಲು ಬಸ್ಸಿನ ಟಿಕೆಟು ಮಾರುತ್ತಿದ್ದ ಸುಂದರೇಶ ಈಗ ಹಡಗಿನ ಏಜೆಂಟನಾಗಿ, ಕೈಗೆ ಬಿಳಿ ಗ್ಲೌಸು ಹಾಕಿಕೊಂಡು ಬಿದಿರಿನ ಬೇಲಿಗಳ ಸಂದಿಯಲ್ಲಿ ಕಾಗದ ಹಂಚಿದ. ಜ್ವರವಿಲ್ಲದ ಒಂಬತ್ತು ದಿನ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಮೂರು ಹೊತ್ತೂ ಜಿಲೇಬಿ, ಬ್ಯಾಂಡು, ಬಿಸಿಲಿಗೆ ಮಲಗಲು ಉದ್ದನೆಯ ಕುರ್ಚಿ, ಹಡಗಿನ ನೆತ್ತಿಯ ಮೇಲೆ ಈಜುಕೊಳ.

"ಸುತ್ತ ಅಷ್ಟು ನೀರಿಟ್ಕೊಂಡು ಮೇಲೊಂದು ಕೊಳ ಯಾತಕ್ಕಪ್ಪ?" ಎಂದು ನಾನು ಕೇಳಿದೆ.

"ನಿಂಗೆ ಅರ್ಥ ಆಗಲ್ಲ ಬಿಡು ದ್ಯಾವಮ್ಮ, ಅದು ಖುಷಿಗೆ," ಎಂದ.

ನಗಬೇಡಿ. ಮನೆಯೊಳಗೆ ಎರಡು ತಿಂಗಳು ಕೂತು ಗೋಡೆಯ ಸುಣ್ಣ ಉದುರುವುದನ್ನು ನೋಡಿದವರಿಗೆ ಆ ಕಾಗದ ಹೇಗೆ ಕಂಡಿರಬೇಕು ಎಂದು ಯೋಚಿಸಿ. ಜ್ವರ ಬಂದಾಗ ನೂರಾರು ಜನ ಒಂದೇ ತಗಡಿನ ಡಬ್ಬಿಯೊಳಗೆ ಕೂತು ನೀರಿನ ನಡುವೆ ಹೋಗುವುದು ಯಾವ ಬುದ್ಧಿವಂತಿಕೆ ಎಂದು ಒಬ್ಬರಾದರೂ ಕೇಳಬೇಕಿತ್ತು. ನಾನೂ ಕೇಳಲಿಲ್ಲ. ಸುಂದರೇಶ ತನ್ನ ಹೆತ್ತ ತಾಯಿಯನ್ನೇ ಮೊದಲ ದೋಣಿಯಲ್ಲಿ ಕಳಿಸಿದ್ದ, ಅಂದಮೇಲೆ ಅವನ ಮೇಲೆ ಸಂಶಯ ಪಡುವುದು ಹೇಗೆ? ಶುಕ್ರವಾರಕ್ಕೊಮ್ಮೆ ಹಡಗಿನ ದೋಣಿ ದಕ್ಕೆಗೆ ಬರುತ್ತಿತ್ತು. ಹೋಗುವವರನ್ನು ಹತ್ತಿಸಿಕೊಂಡು, ಒಗೆಯುವ ಬಟ್ಟೆಯ ಗಂಟನ್ನು ನನಗೆ ಎಸೆದು, ಹಿಂದಿನ ವಾರದ ಇಸ್ತ್ರಿಯಾದ ಗಂಟನ್ನು ತೆಗೆದುಕೊಂಡು ಹೋಗುತ್ತಿತ್ತು. ದೋಣಿಯವರು ಇಬ್ಬರು, ಕಣ್ಣೊಂದು ಬಿಟ್ಟು ಮೈಯೆಲ್ಲ ಬಿಳಿ ಬಟ್ಟೆ ಸುತ್ತಿಕೊಂಡವರು. ಅವರು ಒಂದು ದಿನವೂ ದಕ್ಕೆಯ ಮೇಲೆ ಕಾಲಿಡಲಿಲ್ಲ.

ಮೊದಲ ಗಂಟು ಒಗೆದ ದಿನ ಊರಿಗೆ ಹಬ್ಬ. ನಲವತ್ತು ಚಾದರದ ಸದ್ದು ಕೇಳಿ ಜನ ಬಿದಿರಿನ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಹಡಗಿನಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಒಗೆದುಕೊಡುವವಳೆಂದು ನನಗೊಂದು ಬಿಟ್ಟಿ ಟಿಕೆಟು ಕೊಟ್ಟಿದ್ದರು. ಅದನ್ನು ನಾನು ಸಾಕಿಯ ಕೈಗೆ ತುರುಕಿದೆ.

"ನಾನೊಬ್ಳೇ ಹೋಗಿ ಏನ್ ಮಾಡ್ಲಿ ಅಕ್ಕ? ನೀನೂ ಬಾ," ಎಂದಳು.

"ನಾ ಬಂದ್ರೆ ಚಾದರ ಒಗೆಯೋರ್ ಯಾರು, ನಿನ್ ಗಂಡನಾ? ಒಂಬತ್ತು ದಿನ ಕಣೆ. ಜಿಲೇಬಿ ತಿಂದ್ಕೊಂಡು ಬಾ. ಚಂದ್ರಿನ ನಾ ನೋಡ್ಕೋತೀನಿ."

ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹೋಗುವಾಗ ನಮ್ಮವ್ವ ಹಳೇ ಸೀರೆಗಳನ್ನು ಸೇರಿಸಿ ಹೊಲಿದಿದ್ದ ಕೌದಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದಳು. ಅದಿಲ್ಲದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಅದರ ಮೂಲೆಯಲ್ಲಿ ನಾನು ಕರಿಗೇರಿನ ರಸದಿಂದ ಹಾಕಿದ ಗುರುತು, ಒಂದು ಗೆರೆ ಮೂರು ಚುಕ್ಕೆ. ಆ ರಸದ ಗುರುತು ಬಟ್ಟೆ ಹರಿದರೂ ಹೋಗುವುದಿಲ್ಲ.

ಎರಡನೆಯ ಗಂಟಿನಲ್ಲಿ ಆರು ಚಾದರಗಳು ಸುಮ್ಮನಿದ್ದವು. ಒಂದಾದರೆ ಇರಬಹುದು, ಹಡಗಿನಲ್ಲೂ ಮುದುಕರಿರುತ್ತಾರೆ. ಆರು ಒಟ್ಟಿಗೆ ಎಂದರೆ ಹೇಗೆ? ಬಟ್ಟೆ ದಪ್ಪವಿರಬೇಕು, ಸೋಪು ಬೇರೆಯಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮೂವತ್ತು ವರ್ಷ ಒಗೆದವಳು ಸೋಪಿನ ಮೇಲೆ ತಪ್ಪು ಹೊರಿಸಿದೆ ನೋಡಿ! ಹಿಂದಿನ ದಿನ ಗಂಟು ಬಿಚ್ಚಿದಾಗಲೇ ಕೆಲವನ್ನು ಮೂಸಿ ನೋಡಿದ್ದೆ. ಬೆವರಿಲ್ಲ, ತಲೆಗೆ ಹಚ್ಚಿದ ಎಣ್ಣೆಯಿಲ್ಲ, ಒಂದು ಕೂದಲಿಲ್ಲ. ಮನುಷ್ಯರು ಮಲಗೆದ್ದ ಬಟ್ಟೆ ಅಷ್ಟು ಚೊಕ್ಕಟವಾಗಿರುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಬಂದ ಗಂಟು ಒಳಗೆಲ್ಲ ತಣ್ಣಗಿತ್ತು.

ಒಂಬತ್ತು ದಿನ ಕಳೆಯಿತು, ಯಾರೂ ಇಳಿಯಲಿಲ್ಲ. ಸುಂದರೇಶನನ್ನು ಕೇಳಿದೆ.

"ಅವರೇ ಬೇಡ ಅಂತಿದ್ದಾರೆ ದ್ಯಾವಮ್ಮ, ಇನ್ನೂ ಒಂಬತ್ ದಿನ ಇರ್ತೀವಿ ಅಂತಾರಂತೆ. ನಮ್ಮಮ್ಮನೂ ಹಂಗೇ ಬರ್ದಿದಾಳೆ, ನೋಡು," ಎಂದು ಕಾಗದ ತೋರಿಸಿದ.

ಊಟ ಚೆನ್ನಾಗಿದೆ, ಗಾಳಿ ಚೆನ್ನಾಗಿದೆ, ಎಲ್ಲರೂ ಚೆನ್ನಾಗಿದ್ದಾರೆ, ನೀವೂ ಬನ್ನಿ. ಸಾಕಿಯಿಂದಲೂ ಕೆಂಪಯ್ಯನಿಗೆ ಅದೇ ನಾಲ್ಕು ಸಾಲು ಬಂದಿತ್ತು. ಸಾಕಿಗೆ ಓದು ಬರಹ ಬರುವುದಿಲ್ಲ. ಯಾರೋ ಬರೆದುಕೊಟ್ಟಿರಬೇಕು ಎಂದ ಕೆಂಪಯ್ಯ. ಬೀದಿಯವರೆಲ್ಲ ಕಾಗದಗಳನ್ನು ಬೇಲಿಯ ಮೇಲಿಂದ ಬದಲಾಯಿಸಿಕೊಂಡು ಓದಿದರು. ಎಲ್ಲರಿಗೂ ಒಂದೇ ಥರ ಚೆನ್ನಾಗಿದ್ದರೆ ಬೇರೆ ಏನು ಬರೆಯುತ್ತಾರೆ ಎಂದು ಅವರಿಗೆ ಸಮಾಧಾನವೂ ಆಯಿತು.

ಅಲ್ಲದೆ ಅವರನ್ನು ಕಣ್ಣಾರೆ ನೋಡುತ್ತಲೂ ಇದ್ದೆವಲ್ಲ. ದಿನಾ ಸಂಜೆ ಐದಕ್ಕೆ ಹಡಗು ದಡದ ಹತ್ತಿರ ಬಂದು ಒಂದು ಸುತ್ತು ಹಾಕುತ್ತಿತ್ತು. ಬ್ಯಾಂಡು ಬಾರಿಸುತ್ತಿತ್ತು. ನಮ್ಮವರೆಲ್ಲ ಕಟಕಟೆಗೆ ಆತುಕೊಂಡು ಸಾಲಾಗಿ ನಿಂತು ಕೈ ಬೀಸುತ್ತಿದ್ದರು. ಊರಿನವರು ಮಹಡಿಯ ಮೇಲೆ, ಮಾಡಿನ ಮೇಲೆ, ಬಂಡೆಗಳ ಮೇಲೆ ನಿಂತು ತಿರುಗಿ ಕೈ ಬೀಸುತ್ತಿದ್ದರು. ಸಾಕಿ ಎಡದಿಂದ ಆರನೆಯವಳು. ಹೋದ ದಿನ ಉಟ್ಟಿದ್ದ ಹಳದಿ ಸೀರೆಯೇ ಇನ್ನೂ ಮೈಮೇಲೆ. ಮೂರನೆಯ ವಾರ ಚಂದ್ರಿ ನನ್ನ ಸೆರಗು ಎಳೆದಳು.

"ದೊಡ್ಡವ್ವ, ಅವ್ವ ಬಾಯ್ ಮುಚ್ಕೊಳ್ದೇನೇ ನಗ್ತಾವ್ಳೆ."

ನೋಡಿದೆ. ನಿಜ. ಅಷ್ಟು ದೂರದಿಂದಲೂ ಹಲ್ಲಿನ ಜಾಗ ಕಪ್ಪಗೆ ಕಾಣುತ್ತಿತ್ತು. ಖುಷಿ ಹೆಚ್ಚಾಗಿರಬೇಕು ಎಂದು ಮಗುವಿಗೆ ಹೇಳಿದೆ. ಬೇಗ ಅವಳನ್ನು ಬಂಡೆಯಿಂದ ಇಳಿಸಿಕೊಂಡು ಮನೆಗೆ ಹೋದೆ.

ಮೂರನೆಯ ಗಂಟಿನಲ್ಲಿ ಎಂಬತ್ತು ಚಾದರ. ಬೆಳಿಗ್ಗೆ ಕಲ್ಲಿನ ಮುಂದೆ ನಿಂತು ಒಂದು ಬಡಿದೆ, ಎರಡು ಬಡಿದೆ, ಹತ್ತು ಬಡಿದೆ. ಅಷ್ಟರಲ್ಲಿ ಗುಡ್ಡದ ಮೇಲಿನ ಮನೆಯಿಂದ ಅಲಮೇಲು ಟೀಚರ ಧ್ವನಿ ಬಂತು. ಅವರ ಯಜಮಾನರು, ಮೇಷ್ಟ್ರು, ಮೊದಲ ದೋಣಿಯಲ್ಲೇ ಹೋಗಿದ್ದರು.

"ಯಾಕೆ ದ್ಯಾವಮ್ಮ, ಇವತ್ತಿನ್ನೂ ಶುರು ಮಾಡಿಲ್ವಾ?"

ಹತ್ತು ಚಾದರ ಬಡಿದು ನನ್ನ ಮೈಯೆಲ್ಲ ಬೆವರಾಗಿತ್ತು. ಶುರು ಮಾಡಿಲ್ಲವೇ ಎಂದು ಕೇಳುತ್ತಿದ್ದಾರೆ.

"ಈಗ ಮಾಡ್ತೀನಿ ಟೀಚರೇ," ಎಂದೆ.

ಪಕ್ಕದಲ್ಲಿ ಹಿಂದಿನ ದಿನ ನಾನು ಉಟ್ಟು ಬಿಚ್ಚಿದ ಸೀರೆಯಿತ್ತು. ನನ್ನ ಬೆವರು, ನನ್ನ ಒಲೆಯ ಹೊಗೆ ಎಲ್ಲ ಇದ್ದ ಸೀರೆ. ಅದನ್ನು ಹನ್ನೊಂದನೆಯ ಚಾದರದ ಮಡಿಕೆಯೊಳಗೆ ಸುತ್ತಿದೆ. ಎತ್ತಿ ಬಡಿದೆ. ಠಪ್. ಗುಡ್ಡಕ್ಕೆ ತಾಗಿ ವಾಪಸು ಬಂತು. ಟೀಚರು ಕಿಟಕಿ ಹಾಕಿಕೊಂಡರು.

ಯಾಕೆ ಮಾಡಿದೆ ಎಂದು ಎಲ್ಲರೂ ಕೇಳುತ್ತಾರೆ. ಕಲ್ಲು ಸುಮ್ಮನಿದೆ ಎಂದು ಊರಿಗೆ ಗೊತ್ತಾದರೆ ಅಳು ಶುರುವಾಗುತ್ತದೆ. ಅಳು ಶುರುವಾದರೆ ಸಾಕಿ ಸತ್ತಳೆಂದು ಲೆಕ್ಕ. ಅವಳನ್ನು ಕಳಿಸಿದವಳು ನಾನು, ಟಿಕೆಟು ತುರುಕಿದವಳು ನಾನು. ಆ ದಿನ ನಡುವೆ ಒಂದು ಸಲ ಸೀರೆ ಸೇರಿಸದೆ ಬಡಿದು ನೋಡಿದಾಗ ಒಂದೇ ಒಂದು ಚಾದರ ಸಣ್ಣಗೆ ಠಪ್ ಎಂದಿತ್ತು. ಅದು ಸಾಕಿಯದೇ ಎಂದು ಎದೆಗೆ ಒತ್ತಿಕೊಂಡು ಅತ್ತೆ. ನಾಲ್ಕನೆಯ ಗಂಟಿನಲ್ಲಿ ಅದೂ ಇರಲಿಲ್ಲ. ಆದರೆ ಚಾದರಗಳಲ್ಲಿ ಯಾರ ಹೆಸರೂ ಇರುವುದಿಲ್ಲ. ಸಾಕಿ ಒಬ್ಬಳು ಕುರ್ಚಿಯ ಮೇಲೆಯೇ ಮಲಗುತ್ತಿರಬಹುದು, ಹಡಗಿನ ಚಾದರ ಮುಟ್ಟದೆ ತನ್ನ ಕೌದಿಯನ್ನೇ ಹೊದೆಯುತ್ತಿರಬಹುದು. ಹೀಗೆಲ್ಲ ಅಂದುಕೊಂಡು ವಾರ ವಾರ ನನ್ನ ಸೀರೆಗಳನ್ನು ಬಡಿದೆ. ಎರಡು ಸೀರೆ ಹರಿದು ಚಿಂದಿಯಾದವು.

ಆ ಸದ್ದು ನಂಬಿ ಶುಕ್ರವಾರದ ದೋಣಿ ತುಂಬುತ್ತಲೇ ಇತ್ತು. ಐದನೆಯ ವಾರ ಅಲಮೇಲು ಟೀಚರೂ ಬಂದರು, ಕೈಯಲ್ಲಿ ಸಣ್ಣ ಚೀಲ, ತಲೆಯಲ್ಲಿ ಮಲ್ಲಿಗೆ.

"ಬೇಡಿ ಟೀಚರೇ, ಮನೇಲೇ ಇರಿ," ಎಂದೆ. ಅಷ್ಟೇ ನನ್ನ ಬಾಯಿಂದ ಬಂದದ್ದು.

"ಮೇಷ್ಟ್ರಿಗೆ ಸಕ್ಕರೆ ಕಾಯಿಲೆ, ಮೂರು ಹೊತ್ತೂ ಜಿಲೇಬಿ ಅಂದ್ರೆ ನೋಡ್ಕೊಳ್ಳೋರ್ ಬೇಡ್ವೇನೆ? ನಂಗೂ ಮೊದ್ಲು ಭಯ ಇತ್ತು. ದಿನಾ ನಿನ್ ಕಲ್ಲಿನ ಸದ್ದು ಕೇಳಿ ಕೇಳಿ ಧೈರ್ಯ ಬಂತು," ಎಂದು ನನ್ನ ಒದ್ದೆ ಕೈ ಹಿಡಿದು ಒತ್ತಿದರು. ಜ್ವರದ ದಿನಗಳಲ್ಲಿ ಯಾರೂ ಯಾರ ಕೈಯನ್ನೂ ಮುಟ್ಟುತ್ತಿರಲಿಲ್ಲ. ಬೆಚ್ಚಗಿತ್ತು ಆ ಕೈ. ದೋಣಿ ಹೋಗುವುದನ್ನು ನೋಡುತ್ತಾ ನಿಂತೆ. ಮರುದಿನ ಸಂಜೆ ಮೇಷ್ಟ್ರ ಪಕ್ಕದಲ್ಲಿ ನಿಂತು ಅವರೂ ಕೈ ಬೀಸುತ್ತಿದ್ದರು. ಎಲ್ಲರ ಕೈಯೂ ಒಟ್ಟಿಗೇ ಮೇಲೇಳುತ್ತಿತ್ತು, ಒಟ್ಟಿಗೇ ಇಳಿಯುತ್ತಿತ್ತು.

ಎಂಟನೆಯ ವಾರ, ಗುರುವಾರ ಬೆಳಿಗ್ಗೆ, ಇಸ್ತ್ರಿಯಾದ ಗಂಟು ತರಲು ಕೆಂಪಯ್ಯನ ಮನೆಗೆ ಹೋದರೆ ಚಂದ್ರಿ ಹೊಸ ರಿಬ್ಬನ್ನು ಕಟ್ಟಿಕೊಂಡು ಕುಣಿಯುತ್ತಿದ್ದಳು. ಗೋಡೆಗೆ ಒರಗಿಸಿದ ತಗಡಿನ ಪೆಟ್ಟಿಗೆ.

"ದೊಡ್ಡವ್ವ, ನಾಳೆ ನಾವೂ ಹೋಗ್ತೀವಿ! ಅವ್ವ ಕರೆದವ್ಳೆ!"

ಕೆಂಪಯ್ಯ ಕಾಗದ ಚಾಚಿದ. ಅದೇ ನಾಲ್ಕು ಸಾಲು. ಕೆಳಗೆ ಐದನೆಯದು ಇತ್ತು: ಚಂದ್ರಿಯನ್ನು ಕರೆದುಕೊಂಡು ಬನ್ನಿ.

"ಹುಚ್ಚೇನೋ ನಿಂಗೆ? ಮಗೀನ ಕರ್ಕೊಂಡ್ ಹೋಗ್ತೀಯಾ?"

"ಇಲ್ಲಿದ್ದು ಏನ್ ಮಾಡ್ಲಿ ದ್ಯಾವಕ್ಕ? ಪಕ್ಕದ ಮನೇಲಿ ನಿನ್ನೆ ಇಬ್ರು ತೀರ್ಕೊಂಡ್ರು. ಇವಳಿಗೇನಾರ ಜ್ವರ ತಗುಲಿದ್ರೆ ಸಾಕಿಗೆ ಏನ್ ಉತ್ರ ಕೊಡ್ಲಿ?"

"ಹಡಗಲ್ಲಿ ಎಲ್ಲ ಸರಿಯಿಲ್ಲ ಕೆಂಪಯ್ಯ."

"ಯಾರು ಹೇಳಿದ್ರು?"

ಅವನು ನಗುತ್ತಾ ಇಸ್ತ್ರಿ ಪೆಟ್ಟಿಗೆಯ ಕೆಂಡ ಊದಿದ.

"ಸರಿ ಇಲ್ದಿದ್ರೆ ನಿನ್ ಕಲ್ಲು ಹೇಳ್ತಿರ್ಲಿಲ್ವಾ? ಮೊನ್ನೆನೂ ಊರಿಗೆಲ್ಲ ಕೇಳೋ ಹಂಗೆ ಬಡ್ದೆ. ನೀ ಒಬ್ಳೇ ಆಗ್ತೀಯ ಅಂತ ಹೊಟ್ಟೆ ಉರಿ ಅಷ್ಟೇ ನಿಂಗೆ. ನೀನೂ ಬಾ ಮತ್ತೆ."

ಇನ್ನು ಹೇಳಲೇಬೇಕಿತ್ತು. ಬಾಯಿ ತೆರೆದೆ, ಹೇಳಿಯೂ ಹೇಳಿದೆ. "ಕಲ್ಲು ಸುಮ್ಮನಿದೆ, ನಾನೇ ಸೀರೆ ಸೇರಿಸಿ ಬಡಿತಿದ್ದೆ," ಎಂದೆ. ಅವನು ಮಗಳನ್ನು ಒಳಗೆ ಕಳಿಸಿ, "ನಮ್ಮನ್ನ ತಡೆಯೋಕೆ ಇಂಥಾ ಮಾತು ಆಡ್ತೀಯಲ್ಲ, ನಿನ್ ಒಡಹುಟ್ಟಿದೋಳ ಮೇಲೆ? ಥೂ!" ಎಂದ. ಮೂವತ್ತು ವರ್ಷ ಬಾಯಿ ಬಿಡದೆ ದುಡಿದವಳ ಬಾಯಿ ಮಾತಿಗೆ ಏನೂ ಬೆಲೆಯಿರಲಿಲ್ಲ. ಊರು ನಂಬುವುದು ಕಲ್ಲನ್ನು.

ಶುಕ್ರವಾರ ಬೆಳಿಗ್ಗೆ ದಕ್ಕೆಯ ಮೇಲೆ ಇಪ್ಪತ್ತು ಇಪ್ಪತ್ತೈದು ಜನ ಚೀಲ ಹಿಡಿದು ನಿಂತಿದ್ದರು. ಸುಂದರೇಶ ಗ್ಲೌಸು ಹಾಕಿದ ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಓಡಾಡುತ್ತಿದ್ದ. ದೋಣಿ ಬಂತು. ಬಿಳಿ ಬಟ್ಟೆಯವರು ಗಂಟನ್ನು ಎಸೆದರು. ಬೇರೆ ವಾರವಾದರೆ ಅದನ್ನು ಮನೆಗೆ ಹೊತ್ತು ಮೊದಲು ಉಬ್ಬೆಗೆ ಹಾಕಿ, ಹಬೆಯಲ್ಲಿ ಬೇಯಿಸಿ, ಮರುದಿನ ಒಗೆಯುತ್ತಿದ್ದೆ. ಆ ದಿನ ನೇರವಾಗಿ ಕಲ್ಲಿನ ಹತ್ತಿರ ಎಳೆದುಕೊಂಡು ಹೋಗಿ ಎಲ್ಲರ ಕಣ್ಣೆದುರೇ ಬಿಚ್ಚಿದೆ. ಕಂಕುಳಲ್ಲಿ ನನ್ನ ಸೀರೆ ಇತ್ತು. ಯಾಕೆ ತಂದಿದ್ದೆನೋ, ಅಭ್ಯಾಸಬಲ. ಗಂಟು ಬಿಚ್ಚಿದರೆ ಬಿಳಿ ಚಾದರಗಳ ನಡುವೆ ಕೆಂಪು, ಹಸಿರು, ನೀಲಿ ತುಂಡುಗಳು ಕಂಡವು.

"ಅವ್ವನ ಕೌದಿ!" ಎಂದು ಚಂದ್ರಿ ಕೂಗಿದಳು.

ಮೂಲೆ ತಿರುಗಿಸಿ ನೋಡಿದೆ. ಒಂದು ಗೆರೆ, ಮೂರು ಚುಕ್ಕೆ. ನನ್ನದೇ ಕೈ.

ಇಷ್ಟು ವಾರ ನಾನು ಇದ್ದಬದ್ದ ಆಸೆಯನ್ನೆಲ್ಲ ಈ ಕೌದಿಯೊಳಗೆ ಸುತ್ತಿಟ್ಟುಕೊಂಡಿದ್ದೆ. ಚಾದರಗಳು ಯಾರದ್ದಾದರೂ ಆಗಿರಬಹುದು, ಇದನ್ನು ಸಾಕಿ ಬಿಟ್ಟರೆ ಯಾರೂ ಹೊದೆಯುವುದಿಲ್ಲ. ಹೊಳೆಯಲ್ಲಿ ಅದ್ದಿದೆ. ಒದ್ದೆ ಕೌದಿಯಷ್ಟು ಭಾರ ಬೇರೆ ಯಾವ ಬಟ್ಟೆಯೂ ಇಲ್ಲ, ಅದರಷ್ಟು ಜೋರಾಗಿ ಸದ್ದು ಮಾಡುವುದೂ ಬೇರೆ ಯಾವುದೂ ಇಲ್ಲ. ಅವ್ವ ಇದನ್ನು ಒಗೆದ ದಿನ ಗುಡ್ಡದಾಚೆಯ ಊರಿಗೂ ಕೇಳುತ್ತಿತ್ತಂತೆ. ಕೈ ತಾನೇ ಕಂಕುಳ ಸೀರೆಯ ಕಡೆಗೆ ಹೋಯಿತು. ಸುತ್ತಿಬಿಟ್ಟರೆ ಸಾಕಿ ಇನ್ನೂ ಇರುತ್ತಾಳೆ. ಇವತ್ತು ಸಂಜೆಯೂ ಕೈ ಬೀಸುತ್ತಾಳೆ. ತಲೆಯೆತ್ತಿದರೆ ಚಂದ್ರಿ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಅವ್ವನ ಸದ್ದು ಕೇಳಲು ಕಾದು ನಿಂತಿದ್ದಳು.

ಸೀರೆಯನ್ನು ಎಲ್ಲರಿಗೂ ಕಾಣುವ ಹಾಗೆ ದೂರ ಎಸೆದೆ. ಕೌದಿಯನ್ನು ತಲೆಯ ಮೇಲಕ್ಕೆ ಎತ್ತಿ ಬಡಿದೆ.

ನೀರು ಚಿಮ್ಮಿ ನನ್ನ ಮುಖಕ್ಕೆ ಬಿತ್ತು. ಬೇರೇನೂ ಇಲ್ಲ. ದಕ್ಕೆಯ ಕಂಬಕ್ಕೆ ಅಲೆ ತಾಗುವುದು ಕೇಳುತ್ತಿತ್ತು. ಮತ್ತೆ ಎತ್ತಿ ಬಡಿದೆ. ಯಾರದೋ ಕೈಯಿಂದ ಚೀಲ ಜಾರಿ ಬಿತ್ತು, ಅದರ ಸದ್ದು ಕೇಳಿಸಿತು, ಕೌದಿಯದು ಕೇಳಿಸಲಿಲ್ಲ. ಮೂರನೆಯ ಸಲ ತೋಳಿನಲ್ಲಿ ಇದ್ದ ಶಕ್ತಿಯನ್ನೆಲ್ಲ ಹಾಕಿ, ಮಾತಾಡೇ ಸಾಕಿ, ಒಂದ್ ಸಲ ಮಾತಾಡೇ ಎಂದು ಕೂಗಿಕೊಂಡು ಬಡಿದೆ. ಕಲ್ಲು ಸುಮ್ಮನಿತ್ತು.

ಊರಿನ ಅಷ್ಟೊಂದು ಸಾವಿಗೆ ನಾನು ಬಡಿದಿದ್ದೇನೆ. ಬಡಿದು ಬದಿಗೆ ಸರಿಯುತ್ತಿದ್ದೆ, ಅಳುವವರು ಬೇರೆಯವರಾಗಿರುತ್ತಿದ್ದರು. ಆ ದಿನ ಮೊದಲು ಅಳಬೇಕಾದವಳು ನಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲೇ ನೀರಿನಲ್ಲಿ ಕುಸಿದು ಕೂತು ಬಾಯಿ ಬಡಿದುಕೊಂಡು ಅತ್ತೆ. ಕೆಂಪಯ್ಯ ಓಡಿಬಂದು ಕೌದಿಯನ್ನು ಕಿತ್ತುಕೊಂಡು ತಾನೇ ಒಂದು ಸಲ ಬಡಿದ. ಆಮೇಲೆ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಹಾಕಿಕೊಂಡು ಕೂತುಬಿಟ್ಟ.

ಸುಂದರೇಶ ಗ್ಲೌಸು ಬಿಚ್ಚಿ ಬಿಸಾಡಿ, ಉಳಿದ ಚಾದರಗಳನ್ನು ಒಂದೊಂದಾಗಿ ತಾನೇ ಬಡಿಯತೊಡಗಿದ. ಅಭ್ಯಾಸವಿಲ್ಲದ ಕೈ. ಬಡಿದ, ಬಡಿದ, ಕೊನೆಗೆ ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದ.

"ಎಷ್ಟು ದಿನದಿಂದ?"

"ಮೂರನೇ ಗಂಟಿನಿಂದ."

"ಆಮೇಲೆ ಎಷ್ಟು ಜನ್ರನ್ನ ಹತ್ತಿಸಿದೀನಿ ಗೊತ್ತಾ ನಾನು?" ಎಂದ. ಹೆಸರಿನ ಪಟ್ಟಿ ಅವನ ಕೈಯಲ್ಲೇ ಇತ್ತು. ಅವನು ಅದನ್ನು ನೋಡಲಿಲ್ಲ. ನನ್ನನ್ನು ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಬಿಳಿ ಬಟ್ಟೆಯವರು ಇದನ್ನೆಲ್ಲ ನೋಡುತ್ತಾ ಕೂತಿದ್ದರು. ಯಾರೂ ಹತ್ತುವುದಿಲ್ಲ ಎಂದಾದ ಮೇಲೆ ಖಾಲಿ ದೋಣಿಯನ್ನು ತಿರುಗಿಸಿಕೊಂಡು ಹೋದರು. ಅವರ ಹುಟ್ಟು ನೀರಿಗೆ ಬೀಳುವುದೂ ಕೇಳುತ್ತಿರಲಿಲ್ಲ.

ಸಂಜೆ ಐದಕ್ಕೆ ಹಡಗು ಎಂದಿನಂತೆ ಬಂತು. ಊರಿನಲ್ಲಿ ಎಲ್ಲ ಬಾಗಿಲು ಮುಚ್ಚಿದ್ದವು, ಒಳಗೆ ಅಳು. ಮಾಡುಗಳ ಮೇಲೆ ಯಾರೂ ಇರಲಿಲ್ಲ. ಬಂಡೆಯ ಮೇಲೆ ನಾನು, ಚಂದ್ರಿ ಇಬ್ಬರೇ. ಬ್ಯಾಂಡು ಬಾರಿಸುತ್ತಿತ್ತು. ಅವರೆಲ್ಲ ಸಾಲಾಗಿ ನಿಂತು, ಬನ್ನಿ ಬನ್ನಿ ಎನ್ನುವ ಹಾಗೆ ಕೈಯನ್ನು ಒಳಗೆ ಎಳೆದುಕೊಳ್ಳುತ್ತಾ ಬೀಸುತ್ತಿದ್ದರು. ಎಂಟು ವಾರ ನೋಡಿದ್ದೆ, ಕರೆಯುವ ಬೀಸು ಎಂದು ಆ ದಿನವೇ ತಿಳಿದದ್ದು. ಅಲಮೇಲು ಟೀಚರ ಮಲ್ಲಿಗೆ ಇನ್ನೂ ಬಾಡಿರಲಿಲ್ಲ. ಸಾಕಿ ಬಾಯಿ ತೆರೆದು ನಗುತ್ತಿದ್ದಳು.

"ನಾನೂ ಕೈ ಬೀಸ್ಲಾ ದೊಡ್ಡವ್ವ?" ಚಂದ್ರಿ ಕೇಳಿದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಬೀಸು ಮಗ. ಬಾ ಅನ್ನೋ ಹಂಗಲ್ಲ. ಹೋಗಿ ಬಾರವ್ವ ಅನ್ನೋ ಹಂಗೆ ಬೀಸು."

ಅವಳು ಅಂಗೈ ಹೊರಗೆ ಮಾಡಿ ನಿಧಾನವಾಗಿ ಬೀಸಿದಳು. ನಾನೂ ಬೀಸಿದೆ. ಆ ಸಾಲಿನಲ್ಲಿ ಎಲ್ಲ ಕೈಗಳೂ ಒಟ್ಟಿಗೆ ಏಳುತ್ತಿದ್ದವು, ಇಳಿಯುತ್ತಿದ್ದವು. ಎಡದಿಂದ ಆರನೆಯ ಕೈ ಮಾತ್ರ ನಡುವೆ ನಿಂತಿತು. ಆಮೇಲೆ ಮೆಲ್ಲಗೆ ಮೇಲೆ ಬಂದು ಬಾಯಿ ಮುಚ್ಚಿಕೊಂಡಿತು. ಹಾಗೇ ಮುಚ್ಚಿಕೊಂಡು ನಮ್ಮನ್ನು ನೋಡುತ್ತಾ ನಿಂತಿದ್ದಳು, ಹಡಗು ತಿರುಗಿ ಕಾಣದಾಗುವವರೆಗೆ. ಮರುದಿನ ಹಡಗು ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ಜ್ವರ ಇನ್ನೂ ಕೆಲವು ತಿಂಗಳು ಇದ್ದು ಹೋಯಿತು. ಅರ್ಧ ಊರು ಇವತ್ತಿಗೂ ನನಗೆ ಬಟ್ಟೆ ಹಾಕುವುದಿಲ್ಲ, ಎದುರಾದರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಅಲಮೇಲು ಟೀಚರ ಬೆಚ್ಚನೆಯ ಕೈ ನನ್ನ ಕೈಯಲ್ಲಿ ಇನ್ನೂ ಇದೆ, ಅದನ್ನು ಯಾವ ಸೋಪು ಹಾಕಿ ತೊಳೆಯಲಿ? ಕೌದಿಯನ್ನು ಸುಟ್ಟುಬಿಡು ಎಂದು ಬಹಳ ಜನ ಹೇಳಿದರು. ಚಂದ್ರಿ ಕೊಡಲಿಲ್ಲ. ಹದಿನೈದು ದಿನ ಅದನ್ನೇ ಹೊದ್ದು ಮಲಗಿದಳು, ಅದರಲ್ಲೇ ಮೂಗು ಒರೆಸಿಕೊಂಡಳು, ಒಂದು ರಾತ್ರಿ ಹಾಲನ್ನೂ ಚೆಲ್ಲಿಕೊಂಡಳು. ಕೊಳೆಯಾಗಿ ವಾಸನೆ ಬಂದ ಮೇಲೆ ಒಂದು ಬೆಳಿಗ್ಗೆ ತಾನೇ 'ಒಗಿ ದೊಡ್ಡವ್ವ' ಎಂದು ತಂದುಕೊಟ್ಟಳು. ಹೊಳೆಯಲ್ಲಿ ಅದ್ದಿದೆ. ಎತ್ತಲು ಕೈ ಏಳಲಿಲ್ಲ, ಅವಳೇ ಒಂದು ತುದಿ ಹಿಡಿದಳು. ಇಬ್ಬರೂ ಸೇರಿ ಎತ್ತಿ ಬಡಿದೆವು. ಆ ಸದ್ದು ಗುಡ್ಡಕ್ಕೆ ತಾಗಿ, ಊರನ್ನೆಲ್ಲ ಸುತ್ತಿ ವಾಪಸು ಬಂತು. ಮೇಲೆ ಯಾರೋ ಕಿಟಕಿ ತೆರೆದರು, ಚಂದ್ರಿ ಇನ್ನೊಂದು ಸಲ ಎಂದಳು.